ಅತ್ತೆಗೆ ಹಗ್ಗ, ಪತ್ರಕ್ಕೆ ಬೀಗ

ಜೇಡರ ಬಲೆ ಅರ್ಧ ಪೊರಕೆಗೆ ಸುತ್ತಿಕೊಂಡಿತ್ತು, ಇನ್ನರ್ಧ ನನ್ನ ಕನ್ನಡಕಕ್ಕೆ. ಮೂಲೆಯಲ್ಲಿ ಉಳಿದದ್ದನ್ನು ಕೆರೆದು ತೆಗೆಯೋಣವೆಂದು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

“ಅತ್ತೆ! ಅಲ್ಲಾಡ್ಬೇಡಿ! ನೀವೀಗ ಎತ್ತರದಲ್ಲಿ ಕೆಲಸ ಮಾಡ್ತಿದೀರಿ!”

ಸ್ಟೂಲು ನನ್ನ ಮೊಣಕಾಲಿನಷ್ಟು ಎತ್ತರ. ಆದರೆ ಕೂಗಿದವರು ನಮ್ಮ ಅಳಿಯಂದಿರು. ಅಳಿಯನ ಮಾತಿಗೆ ಅತ್ತೆಯಾದವಳು ಮುಖದ ಮೇಲೆ ನಗಬಾರದು. ಗೋಡೆಯ ಕಡೆ ತಿರುಗಿ ನಕ್ಕು, ಅಲ್ಲಾಡದೆ ನಿಂತೆ.

ನಮ್ಮ ಅಳಿಯಂದಿರು ತಣ್ಣೀರನ್ನೂ ಆರಿಸಿ ಕುಡಿಯುವ ಮನುಷ್ಯ. ಕೆಲಸಕ್ಕಿದ್ದ ಗಡಿಯಾರದ ಅಂಗಡಿ ಮುಚ್ಚಿದ ಮೇಲೆ, ಮೀಸೆಯಲ್ಲಿ ಬಿಳಿಕೂದಲು ಇಣುಕುವ ವಯಸ್ಸಿನಲ್ಲಿ, ಅವರು ವಿಶ್ವವಿದ್ಯಾಲಯ ಸೇರಿದರು. ಓದಿಗೆ ಆರಿಸಿಕೊಂಡದ್ದು ವೃತ್ತಿ ಸುರಕ್ಷತೆ. ಅಂದರೆ, ಕೆಲಸ ಮಾಡುವ ಜಾಗದಲ್ಲಿ ಜನ ಜಾರದ ಹಾಗೆ, ಸುಟ್ಟುಕೊಳ್ಳದ ಹಾಗೆ, ಹತ್ತು ಬೆರಳು ತಂದವರು ಹತ್ತನ್ನೂ ಮನೆಗೆ ಒಯ್ಯುವ ಹಾಗೆ ನೋಡಿಕೊಳ್ಳುವ ವಿದ್ಯೆ. ಮುಗಿಸಿದರೆ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯ ಕೆಲಸ.

ಈ ಸುದ್ದಿ ಕೇಳಿದ ದಿನ ನನ್ನ ಅಣ್ಣ, ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಬೀಳಬೇಡ ಅಂತ ಹೇಳೋಕೆ ವಿಶ್ವವಿದ್ಯಾಲಯ ಬೇಕೇನೇ? ನಮ್ಮಮ್ಮ ಪುಕ್ಕಟೆ ಹೇಳ್ತಿದ್ದಳಲ್ಲ!”

ನನಗೆ ಮಾತ್ರ ಆ ವಿದ್ಯೆಯ ಮೇಲೆ ವಿಪರೀತ ಕುತೂಹಲ. ಅಕ್ಷರ ಕಲಿತದ್ದೇ ತಡವಾಗಿ, ರಾತ್ರಿಶಾಲೆಯಲ್ಲಿ. ಅಕ್ಷರ ಕಂಡಲ್ಲಿ ಬಿಡುವವಳಲ್ಲ ನಾನು. ಅವರು ಪುಸ್ತಕ ಮಡಿಸಿಟ್ಟು ಕಾಲೇಜಿಗೆ ಹೊರಟರೆ ನಾನು ಬಿಚ್ಚಿ ಕೂರುತ್ತಿದ್ದೆ. ಏಣಿಯ ಮೇಲೆ ಒಂದು ಅಧ್ಯಾಯ! ಒದ್ದೆ ನೆಲದ ಮೇಲೆ ಇನ್ನೊಂದು! ಇಷ್ಟು ವರ್ಷ ಏಣಿ ಹತ್ತಿದ್ದೇನೆ, ಒದ್ದೆ ನೆಲದಲ್ಲಿ ಜಾರಿದ್ದೇನೆ. ಅದರ ಹಿಂದೆ ಇಷ್ಟೊಂದು ಶಾಸ್ತ್ರವಿದೆ ಎಂದು ಒಬ್ಬರೂ ಹೇಳಿರಲಿಲ್ಲ.

ತೊಡಕು ಇದ್ದದ್ದು ಬೇರೆ ಕಡೆ. ಕೊನೆಯ ಅವಧಿಗೆ ಪ್ರತಿಯೊಬ್ಬರೂ ಒಂದು ಕಾರ್ಖಾನೆಯಲ್ಲಿ ತರಬೇತಿ ಪಡೆಯಬೇಕು, ಜಾಗ ತಾವೇ ಹುಡುಕಿಕೊಳ್ಳಬೇಕು ಎಂದು ವಿಶ್ವವಿದ್ಯಾಲಯದ ಕಟ್ಟಳೆ. ಊರಾಚೆಯ ಗಾಜಿನ ಶೀಶೆಗಳ ಕಾರ್ಖಾನೆಯವರು, ಸ್ವಂತ ಕೈಬರಹದಲ್ಲಿ ಅರ್ಜಿ ಬರೆದು ಅಂಚೆಯಲ್ಲಿ ಕಳಿಸಿ, ನೋಡೋಣ, ಎಂದಿದ್ದರು. ನಮ್ಮ ಅಳಿಯಂದಿರು ಬರೆದರು. ಕಳಿಸಲಿಲ್ಲ. ಪ್ರತಿ ವಾಕ್ಯಕ್ಕೂ ಅಪಾಯ ಎಷ್ಟು ಎಂದು ಲೆಕ್ಕ ಹಾಕಿದರು. “ನನಗೆ ಈ ಕೆಲಸದಲ್ಲಿ ಬಹಳ ಆಸಕ್ತಿ” ಎಂದು ಬರೆದರೆ ಜಂಬ ಎನ್ನಬಹುದು, ಹೊಡೆದುಹಾಕು. “ಸ್ವಲ್ಪ ಆಸಕ್ತಿ” ಎಂದರೆ ಸೋಮಾರಿ ಎನ್ನಬಹುದು, ಅದನ್ನೂ ಹೊಡೆದುಹಾಕು. ಹೀಗೆ ತಿದ್ದಿ ತಿದ್ದಿ ಆ ಪತ್ರವನ್ನು ಮೇಜಿನ ಡ್ರಾಯರಿನಲ್ಲಿಟ್ಟು, ಬೀಗ ಜಡಿದು, ಅದಕ್ಕೊಂದು ಕೆಂಪು ಚೀಟಿ ತೂಗುಹಾಕಿದ್ದರು: “ಕೆಲಸ ನಡೆಯುತ್ತಿದೆ. ಮುಟ್ಟಬೇಡಿ.”

ಈ ವಾರ ಪತ್ರ ಹೋಗದಿದ್ದರೆ ಇಡೀ ವರ್ಷ ಹೋಗುತ್ತಿತ್ತು. ಔಷಧಿ ಅಂಗಡಿಯಲ್ಲಿ ಇಬ್ಬರ ಪಾಳಿ ಒಬ್ಬಳೇ ಮಾಡುತ್ತಿದ್ದ ನನ್ನ ಮಗಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ್ದಳು: “ರೀ, ಈ ವರ್ಷ ಹೇಗೋ ಎಳೆದೆ. ಇನ್ನೊಂದು ವರ್ಷ ನನ್ನ ಕೈಲಾಗಲ್ಲ. ಆಮೇಲೆ ನೀವುಂಟು, ನಿಮ್ಮ ಗಡಿಯಾರ ಉಂಟು.”

“ಕಳಿಸ್ತೀನಿ, ಕಳಿಸ್ತೀನಿ,” ಎಂದಿದ್ದರು ಇವರು. ಆದರೆ ಕಾರ್ಖಾನೆ ಸಿಗುವ ತನಕ ಅಭ್ಯಾಸ ತಪ್ಪಬಾರದಲ್ಲ? ಅದಕ್ಕೇ ಆವತ್ತು ಬೆಳಿಗ್ಗೆ ಜೇಡರ ಬಲೆಯ ಹೊತ್ತಿಗೆ ಸರಿಯಾಗಿ ಪ್ರತ್ಯಕ್ಷರಾದದ್ದು.

“ಅತ್ತೆ, ಒಂದು ಹಗ್ಗ ಕಟ್ಟಲಾ? ಬಿದ್ದರೂ ನೆಲ ಮುಟ್ಟಬಾರದು ನೀವು.”

ನೆಲ ಮುಟ್ಟದೆ ಬೀಳುವುದು ಹೇಗಿರುತ್ತದೆ ಎಂದು ನನಗೂ ತಿಳಿಯಬೇಕಿತ್ತು. “ಕಟ್ಟಿ,” ಎಂದೆ.

ಬಟ್ಟೆ ಒಣಗಿಸುವ ಹಗ್ಗ ನನ್ನ ಸೊಂಟಕ್ಕೆ ಬಂತು. ಅದರ ಇನ್ನೊಂದು ತುದಿ ಕಿಟಕಿಯ ಸರಳಿಗೆ ಹೋಯಿತು. ತಲೆಗೆ ಹಳದಿ ಹೆಲ್ಮೆಟ್ ಬಂತು. ಆಮೇಲೆ ಅವರು ಟೇಪು ಹಿಡಿದು ಹಗ್ಗ ಅಳೆಯುತ್ತಾ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ಲನ್ನು ಮನೆಯೆಲ್ಲ ಹುಡುಕುತ್ತಾ ಒಳಕೋಣೆಗೆ ಹೋದರು.

ಆಗಲೇ ಕಿಟಕಿಯಲ್ಲಿ ಟೈಪಿಸ್ಟಮ್ಮನ ಮುಖ ಕಾಣಿಸಿಕೊಂಡದ್ದು. ಎದುರುಮನೆಯವರು. ಕಚೇರಿಯಲ್ಲಿ ಆಯುಷ್ಯವೆಲ್ಲ ಟೈಪ್ ಮಾಡಿ, ಈಗ ಬೀದಿಯ ಸುದ್ದಿಯನ್ನು ಅಷ್ಟೇ ವೇಗದಲ್ಲಿ, ಅಷ್ಟೇ ಪ್ರತಿಗಳಲ್ಲಿ ಹಂಚುತ್ತಿದ್ದವರು.

“ಅಯ್ಯಯ್ಯೋ! ಇದೇನ್ರೀ ಇದು?”

“ಕಟ್ಟಿದಾರೆ,” ಎಂದೆ.

“ಯಾರು?”

“ಅಳಿಯಂದಿರು.”

“ಬಿಚ್ಚಿಕೊಳ್ಳೋದಲ್ವೇನ್ರೀ?”

“ಅವರೇ ಬಂದು ಬಿಚ್ಚಬೇಕಂತೆ. ನಾನು ಮುಟ್ಟೋ ಹಾಗಿಲ್ಲ.”

ಟೈಪಿಸ್ಟಮ್ಮ ದನಿ ತಗ್ಗಿಸಿದರು. “ಮಗಳಿಗೆ ಗೊತ್ತಾ?”

“ಅವಳು ಕೆಲಸಕ್ಕೆ ಹೋಗಿದಾಳೆ. ಅವಳಿಲ್ಲದಾಗಲೇ ಇದೆಲ್ಲ.” ನನಗೆ ಉತ್ಸಾಹ ಹೆಚ್ಚಿತ್ತು, ಕೇಳುವವರೂ ಸಿಕ್ಕಿದ್ದರು. “ಇವತ್ತು ಇಷ್ಟೇ. ನಾಳೆ ನೀರಿನ ತೊಟ್ಟಿಯ ಪಾಠ. ಒಳಗೆ ಇಳಿಸಿ, ಗಾಳಿ ಇಲ್ಲದ ಕಡೆ ಮನುಷ್ಯರು ಎಷ್ಟು ಹೊತ್ತು ತಡ್ಕೋತಾರೆ ಅನ್ನೋದು ಪುಸ್ತಕದಲ್ಲಿದೆಯಂತೆ.”

ಕಿಟಕಿಯಲ್ಲಿ ಮುಖವಿರಲಿಲ್ಲ. ಟೈಪಿಸ್ಟಮ್ಮ ಅಷ್ಟು ಬೇಗ ಬೀದಿ ದಾಟಿದ್ದನ್ನು ಹಿಂದೆಂದೂ ಕಂಡಿರಲಿಲ್ಲ. ಅವರ ಕಾಲಲ್ಲಿ ಸವೆದ ಚಪ್ಪಲಿ, ಬೀದಿಯೋ ಒದ್ದೆ. ಜಾರುವ ಅಪಾಯವಿದೆಯಲ್ಲ ಎಂದುಕೊಂಡೆ. ವಿದ್ಯೆ ಹಾಗೆಯೇ, ಹತ್ತಿದರೆ ಬಿಡುವುದಿಲ್ಲ.

ಅವರು ಮನೆಗೆ ಹೋಗಿ ನನ್ನ ಅಣ್ಣನಿಗೆ ಫೋನು ಮಾಡಿದ್ದು ನನಗೆ ಆಗ ಗೊತ್ತಾಗಲಿಲ್ಲ. ಅಣ್ಣನೂ ಒಮ್ಮೆಲೇ ನಂಬಿರಲಿಲ್ಲ. “ಅವನಾ? ಸೊಳ್ಳೆ ಹೊಡೆಯೋಕೂ ಕೈ ಎತ್ತದ ಮನುಷ್ಯ,” ಎಂದನಂತೆ. ಆದರೆ ಹೊತ್ತು ಕೆಟ್ಟಿದ್ದರೆ ಹಗ್ಗವೂ ಹಾವಾಗುತ್ತದೆ. ಅದೇ ಮಧ್ಯಾಹ್ನ ನಮ್ಮ ಮನೆಯ ಫ್ಯಾನು ಕೆಟ್ಟಿತು.

ಫ್ಯಾನು ನೋಡಲು ವೈರಿಂಗಿನವನು ಬಂದ. ಅವನು ಏಣಿ ಹತ್ತುವ ಮೊದಲೇ ನಮ್ಮ ಅಳಿಯಂದಿರು ಮೇನ್ ಸ್ವಿಚ್ ಇಳಿಸಿ, ಅದಕ್ಕೊಂದು ಬೀಗ ಹಾಕಿ, ಕೀಲಿಕೈಯನ್ನು ಜೇಬಿಗೆ ಸೇರಿಸಿ, ತಮ್ಮ ಫೋಟೋ ಅಂಟಿಸಿದ ಕೆಂಪು ಚೀಟಿ ತೂಗುಹಾಕಿದರು: “ಅಪಾಯ! ಒಳಗೆ ಮನುಷ್ಯ ಕೆಲಸ ಮಾಡುತ್ತಿದ್ದಾನೆ. ಈ ಬೀಗವನ್ನು ಹಾಕಿದವನೇ ತೆಗೆಯಬೇಕು.” ಒಬ್ಬ ತಂತಿ ಹಿಡಿದಿರುವಾಗ ಇನ್ನೊಬ್ಬ ತಿಳಿಯದೆ ಸ್ವಿಚ್ ಒತ್ತಬಾರದು, ಅದಕ್ಕೆ ಕಾರ್ಖಾನೆಗಳಲ್ಲಿ ಹೀಗೆ ಮಾಡುತ್ತಾರಂತೆ. ಒಳ್ಳೆಯ ಪದ್ಧತಿ. ವೈರಿಂಗಿನವನಿಗೂ ಬಹಳ ಹಿಡಿಸಿತು.

“ನಮ್ಮ ಪ್ರಾಣದ ಬಗ್ಗೆ ಇಷ್ಟು ಕಾಳಜಿ ಮಾಡಿದವರು ನೀವೇ ಮೊದಲು ಸಾರ್,” ಎಂದ ಅವನು, ಕಣ್ಣಲ್ಲಿ ನೀರು ತಂದುಕೊಂಡು.

ಆ ಹೊಗಳಿಕೆಗೆ ಉಬ್ಬಿಹೋದ ನಮ್ಮ ಅಳಿಯಂದಿರು ಕ್ಲಾಸಿಗೆ ಹೊತ್ತಾಯಿತೆಂದು ಓಡಿದರು. ಕೀಲಿಕೈಯೂ ಅವರ ಜೊತೆ ವಿಶ್ವವಿದ್ಯಾಲಯಕ್ಕೆ ಹೋಯಿತು.

ಫ್ಯಾನು ರಿಪೇರಿಯಾಯಿತು. ಹಾಕಿ ನೋಡೋಣವೆಂದರೆ ಕರೆಂಟಿಲ್ಲ.

“ಅಮ್ಮಾ, ಬೀಗ ಒಡೀಲಾ?”

“ಛೆ ಛೆ! ಹಾಕಿದವರೇ ತೆಗೀಬೇಕು ಅಂತ ಬರೆದಿದೆಯಲ್ಲಪ್ಪ.”

“ಅದೂ ನಿಜ,” ಎಂದ. ಇಬ್ಬರೂ ಕೂತೆವು. ಚಹಾ ಮಾಡಿ ಕೊಟ್ಟೆ. ಅವನು ತನ್ನ ಮದುವೆಯ ಕಥೆ ಹೇಳಿದ. ನಾನು ಎರಡನೆಯ ಸಲ ಚಹಾ ಮಾಡಿದೆ. ಅವನು ತನ್ನ ತಮ್ಮನ ಮದುವೆಯ ಕಥೆ ಹೇಳಿದ. ಕತ್ತಲಾಯಿತು. ಬೀದಿಯ ಎಲ್ಲ ಮನೆಗಳಲ್ಲೂ ದೀಪ ಉರಿಯಿತು, ನಮ್ಮದೊಂದರಲ್ಲಿ ಇಲ್ಲ. ಇನ್ನೊಂದು ಮದುವೆ ಶುರುವಾಗುವ ಮೊದಲು ಟೈಪಿಸ್ಟಮ್ಮ ಟಾರ್ಚು ಹಿಡಿದು ಬಾಗಿಲಿಗೆ ಬಂದರು. ಅವರ ಟಾರ್ಚಿನ ಬೆಳಕು ನೇರವಾಗಿ ಸ್ವಿಚ್ಚಿನ ಮೇಲೆ, ಬೀಗದ ಮೇಲೆ, ಅಳಿಯಂದಿರ ಫೋಟೋದ ಮೇಲೆ ಬಿತ್ತು. ಆ ಫೋಟೋದಲ್ಲಿ ಅವರು ಮೊದಲೇ ಹುಬ್ಬು ಗಂಟಿಕ್ಕಿಕೊಂಡಿದ್ದರು.

“ದೀಪಾನೂ ಕಿತ್ತುಕೊಂಡನಾ?” ಎಂದು ಉಸುರಿದರು.

“ಬೀಗ ಹಾಕಿ ಹೋಗಿದಾರೆ. ಬರಲಿ, ತೆಗೀತಾರೆ.”

“ನೀವು ಅದನ್ನೂ ತಡ್ಕೊಂಡಿದೀರಾ?”

“ಒಳ್ಳೇ ಪದ್ಧತಿ ರೀ. ಪ್ರತಿ ಮನೇಲೂ ಇರಬೇಕು,” ಎಂದೆ.

ಟೈಪಿಸ್ಟಮ್ಮ ನನ್ನ ಕೈ ಹಿಡಿದು ಒತ್ತಿ, ಹೊರಟುಹೋದರು. ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮ ಬೀದಿಯವರು. ಬೆಳಗಾಗುವುದರೊಳಗೆ ಅಳಿಯ ಅತ್ತೆಯನ್ನು ಕಟ್ಟಿದ್ದಾನೆ, ಕತ್ತಲಲ್ಲಿ ಕೂಡಿಹಾಕಿದ್ದಾನೆ, ಇನ್ನು ತೊಟ್ಟಿಗೆ ಇಳಿಸಿ ಮುಚ್ಚಳ ಹಾಕುವುದೊಂದು ಬಾಕಿ ಎನ್ನುವ ತನಕ ಸುದ್ದಿ ಬೆಳೆದಿತ್ತು. ಮಗಳಿಗೆ ಮಾತ್ರ ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಪಾಪ, ಕೆಲಸಕ್ಕೆ ಹೋಗುವ ಹೆಣ್ಣು.

ಮರುದಿನ ತೊಟ್ಟಿಯ ಪಾಠ. ನಮ್ಮ ಅಂಗಳದ ತೊಟ್ಟಿ ನೆಲದೊಳಗೆ ಕಟ್ಟಿದ್ದು. ಬಾಯಿ ಚಿಕ್ಕದು, ಆಳ ಎದೆಮಟ್ಟ. ಕೂತರೆ ಕಾಣಿಸುವುದಿಲ್ಲ, ನಿಂತರೆ ಅಂಗಡಿಯ ಗಲ್ಲಾದ ಹಿಂದೆ ನಿಂತ ಹಾಗೆ ಕಾಣಿಸುತ್ತದೆ. ನೀರು ಖಾಲಿ ಮಾಡಿ, ಹಿಂದಿನ ದಿನವೇ ಮುಚ್ಚಳ ತೆಗೆದು ಗಾಳಿಯಾಡಿಸಿದ್ದರು. ಇಂಥ ಇಕ್ಕಟ್ಟಿನ ಜಾಗಕ್ಕೆ ಒಬ್ಬರೇ ಇಳಿಯಬಾರದಂತೆ. ಒಬ್ಬ ಒಳಗೆ, ಒಬ್ಬ ಹೊರಗೆ ಕಾವಲು. ಕಾವಲಿನವನು ಜಾಗ ಬಿಟ್ಟು ಕದಲಬಾರದು, ಅಳಿಯಂದಿರು ಬರೆದು ಪಕ್ಕದಲ್ಲಿ ನಿಲ್ಲಿಸಿದ್ದ ಬೋರ್ಡಿನಲ್ಲಿ ಹೆಸರಿಲ್ಲದವರನ್ನು ಹತ್ತಿರ ಬಿಡಬಾರದು.

“ಅತ್ತೆ, ನೀವು ಒಳಗಾ ಹೊರಗಾ?”

ಯೋಚಿಸಿದೆ. ಒಳಗೆ ಏನಿದೆ ಎಂದು ನನಗೆ ಗೊತ್ತು, ತೊಳೆದವಳೇ ನಾನು. ಕಾವಲು ಕೆಲಸ ಹೊಸದು. “ಹೊರಗೆ,” ಎಂದೆ.

ಅವರು ಹೆಲ್ಮೆಟ್ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು ಕೂತರು. ನಾನೂ ಹೆಲ್ಮೆಟ್ ಹಾಕಿ, ಹಗ್ಗದ ಇನ್ನೊಂದು ತುದಿ ಕೈಗೆ ಸುತ್ತಿಕೊಂಡು, ತೊಟ್ಟಿಯ ಬಾಯಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ.

“ಅಳಿಯಂದ್ರೇ, ಉಸಿರಾಡ್ತಿದೀರಾ?”

“ಆಡ್ತಿದೀನಿ ಅತ್ತೆ!” ತೊಟ್ಟಿಯೊಳಗಿಂದ ಗುಂಯ್ ಎಂದು ಉತ್ತರ ಬಂತು.

ಅದೇ ಹೊತ್ತಿಗೆ ಗೇಟು ದಡಾರೆಂದು ತೆಗೆದುಕೊಂಡಿತು. ಮುಂದೆ ನನ್ನ ಅಣ್ಣ. ಅವನ ಹಿಂದೆ ಠಾಣೆಯ ದಫೇದಾರರು, ಮೀಸೆ ಸಮೇತ. ಅವರ ಹಿಂದೆ ಟೈಪಿಸ್ಟಮ್ಮ. ಗೇಟಿನಾಚೆ ಬೀದಿಯ ಉಳಿದವರು.

“ದಾರಿ ಬಿಡಿ, ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ!” ಎಂದು ಅಣ್ಣ ಅಭ್ಯಾಸಬಲದಿಂದ ಕೂಗುತ್ತಾ ನುಗ್ಗಿದ. “ಎಲ್ಲಿ ನನ್ನ ತಂಗಿ? ತೊಟ್ಟಿಯಿಂದ ಹೊರಗೆ ತೆಗೀರಿ ಅವಳನ್ನ!”

ಆಮೇಲೆ ನನ್ನನ್ನು ನೋಡಿದ.

“ನೀನು ಇಲ್ಲಿದೀಯಲ್ಲೇ! ಮತ್ತೆ ಒಳಗಿರೋದು ಯಾರು?”

“ಅಳಿಯಂದಿರು.”

ದಫೇದಾರರು ನನ್ನ ಹೆಲ್ಮೆಟ್ ನೋಡಿದರು, ಕೈಯಲ್ಲಿದ್ದ ಹಗ್ಗ ನೋಡಿದರು, ಹಗ್ಗ ಹೋದ ದಾರಿ ನೋಡಿದರು. ಜೇಬಿನಿಂದ ಪುಸ್ತಕ ತೆಗೆದು ಟೈಪಿಸ್ಟಮ್ಮನ ಕಡೆ ತಿರುಗಿದರು.

“ಅಮ್ಮಾ, ಸರಿಯಾಗಿ ಹೇಳಿ. ದೂರು ಅಳಿಯನ ಮೇಲೋ, ಅತ್ತೆ ಮೇಲೋ?”

“ನಿನ್ನೆ ತನಕ ಅಳಿಯನ ಮೇಲಿತ್ತು,” ಎಂದರು ಟೈಪಿಸ್ಟಮ್ಮ.

“ಒಳಗಿರೋರು ಜೀವಂತ ಇದಾರಾ?” ಎಂದು ದಫೇದಾರರು ಹೆಜ್ಜೆ ಮುಂದಿಟ್ಟರು.

ನಾನು ಕೈ ಅಡ್ಡ ಹಿಡಿದೆ. “ನಿಂತ್ಕೊಳಿ ಸ್ವಾಮಿ. ನಿಮ್ಮ ಹೆಸರು ಬೋರ್ಡಲ್ಲಿಲ್ಲ.”

“ನಾನು ಪೊಲೀಸು!”

“ಅದಕ್ಕೆ ನನ್ನ ಅಭ್ಯಂತರ ಇಲ್ಲ. ಆದರೆ ಬೋರ್ಡಲ್ಲಿಲ್ಲ.”

ಆಯುಷ್ಯದಲ್ಲಿ ಪೊಲೀಸರಿಗೆ ಎದುರು ಮಾತಾಡಿದವಳಲ್ಲ ನಾನು. ತಲೆಯ ಮೇಲೊಂದು ಹಳದಿ ಹೆಲ್ಮೆಟ್ ಇದ್ದರೆ ಮನುಷ್ಯನಿಗೆ ಎಂಥ ಧೈರ್ಯ ಬರುತ್ತದೆ ಎನ್ನುವುದನ್ನು ಅವರ ಪುಸ್ತಕದಲ್ಲಿ ಯಾಕೋ ಬರೆದಿಲ್ಲ.

ಗಲಾಟೆ ಕೇಳಿ ಅಳಿಯಂದಿರು ತೊಟ್ಟಿಯಲ್ಲಿ ಎದ್ದು ನಿಂತರು. ಎದೆಯಿಂದ ಮೇಲಿನ ಮನುಷ್ಯನೊಬ್ಬ ನೆಲದಿಂದ ಮೊಳೆತದ್ದನ್ನು ಕಂಡು ಗೇಟಿನಾಚೆಯವರು ಹೋ ಎಂದರು.

“ನಮಸ್ಕಾರ ಸಾರ್. ಏನಾದ್ರೂ ಅಪಘಾತ ಆಗಿದೆಯಾ?”

“ಅದನ್ನ ನೀವು ಹೇಳ್ಬೇಕು,” ಎಂದು ದಫೇದಾರರು ಗುಡುಗಿದರು. “ಬೀದಿ ಜನವೆಲ್ಲ ಠಾಣೆಗೆ ಬಂದು ಕೂತಿದ್ರಲ್ರೀ, ಯಾಕೆ?”

ನಮ್ಮ ಅಳಿಯಂದಿರ ಮುಖ ಅರಳಿತು. ಹೆದರಿಕೆಯಿಂದ ಬಾಡಬೇಕಾದ ಮುಖ ಹೀಗೆ ಅರಳಿದ್ದು ಕಂಡು ದಫೇದಾರರೇ ಒಂದು ಹೆಜ್ಜೆ ಹಿಂದೆ ಸರಿದರು.

“ಸಾರ್, ಎಷ್ಟು ಸರಿಯಾಗಿ ಶುರು ಮಾಡಿದ್ರಿ! ನಮ್ಮ ಶಾಸ್ತ್ರದಲ್ಲೂ ಇದೇ ವಿಧಾನ. ಏನೇ ಅನಾಹುತ ಆಗ್ಲಿ, ಯಾರದು ತಪ್ಪು ಅಂತ ಕೇಳ್ಬಾರದು. ಯಾಕೆ ಅಂತ ಕೇಳ್ಬೇಕು. ಬಂದ ಉತ್ತರಕ್ಕೆ ಮತ್ತೆ ಯಾಕೆ. ಹಾಗೆ ಐದು ಸಲ ಕೇಳಿದ್ರೆ ಬೇರು ಸಿಗುತ್ತೆ. ದಯವಿಟ್ಟು ಮುಂದುವರಿಸಿ. ಇದು ಮೊದಲನೇ ಯಾಕೆ.”

“ಏನ್ರೀ ಇದು, ನನಗೇ ಕೆಲಸ ಹೇಳ್ತಿದೀರಾ?” ಎಂದರು ದಫೇದಾರರು. ಆದರೂ ಅವರ ಪೆನ್ನು ಪುಸ್ತಕದ ಮೇಲೆ ಒಂದು ಎಂದು ಬರೆದಾಗಿತ್ತು.

“ಜನ ಯಾಕೆ ಬಂದ್ರು ಅಂದ್ರೆ, ಅತ್ತೇನ ಹಗ್ಗದಲ್ಲಿ ಕಟ್ಟಿದ್ದನ್ನ ನೋಡಿದ್ರು.”

“ಹೌದು, ನಾನೇ ನೋಡಿದ್ದು!” ಎಂದರು ಟೈಪಿಸ್ಟಮ್ಮ.

“ಯಾಕ್ರೀ ಕಟ್ಟಿದ್ರಿ?”

“ಎತ್ತರದ ಕೆಲಸದ ಅಭ್ಯಾಸಕ್ಕೆ ಸಾರ್. ಎರಡಾಯ್ತು.”

“ಅಭ್ಯಾಸಾನ ಯಾಕೆ ಮನೇಲಿ ಮಾಡ್ತೀರಿ? ಕಾರ್ಖಾನೆ ಇಲ್ವಾ?”

“ಕಾರ್ಖಾನೆಯಲ್ಲಿ ಇನ್ನೂ ಜಾಗ ಸಿಕ್ಕಿಲ್ಲ. ಮೂರು.”

“ಯಾಕೆ ಸಿಕ್ಕಿಲ್ಲ?”

ಇಲ್ಲಿಯವರೆಗೆ ಗಿಣಿಯ ಹಾಗೆ ಉಲಿಯುತ್ತಿದ್ದವರು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡರು. “ಅರ್ಜಿ... ಅರ್ಜಿ ಕಳಿಸಿಲ್ಲ ಸಾರ್.”

“ಕಳಿಸಿಲ್ವಾ?” ಗೇಟಿನ ಕಡೆಯಿಂದ ನನ್ನ ಮಗಳ ದನಿ. ಯಾರೋ ಕೊನೆಗೂ ಔಷಧಿ ಅಂಗಡಿಗೆ ಸುದ್ದಿ ಮುಟ್ಟಿಸಿದ್ದರು. ಅಂಗಡಿಯ ಬಿಳಿ ಅಂಗಿಯಲ್ಲೇ ಓಡಿಬಂದಿದ್ದಳು. “ನಾಳೇನೇ ಕೊನೇ ದಿನ ಅಲ್ವಾ ರೀ?”

ಐದನೆಯ ಯಾಕೆಯನ್ನು ದಫೇದಾರರು ಕೇಳಬೇಕಿತ್ತು. ಅವರು ನನ್ನ ಮಗಳ ಮುಖ ನೋಡಿ ಪೆನ್ನು ಮುಚ್ಚಿಕೊಂಡರು. ಅವಳೇ ಕೇಳಿದಳು, ಮೆಲ್ಲಗೆ.

“ಯಾಕ್ರೀ ಕಳಿಸಿಲ್ಲ?”

ಗೇಟಿನಾಚೆಯವರೂ ಕಿವಿ ಚಾಚಿದರು. ನಾನು ಹಗ್ಗ ಬಿಗಿಯಾಗಿ ಹಿಡಿದುಕೊಂಡೆ. ಮನುಷ್ಯ ಮತ್ತೆ ಕೂತುಬಿಟ್ಟರೆ ಎಳೆಯಬೇಕಲ್ಲ.

“ಬೇಡ ಅಂದುಬಿಟ್ರೆ?” ಎಂದರು ಅವರು, ತೊಟ್ಟಿಯ ಅಂಚಿಗೆ ಹೇಳುವ ಹಾಗೆ. “ಇಷ್ಟು ವಯಸ್ಸಿನವನು ಯಾಕೆ ಬಂದೆ ಅಂದುಬಿಟ್ರೆ? ಕಳಿಸದೆ ಇದ್ರೆ, ಬೇಡ ಅನ್ನೋಕೂ ಆಗಲ್ಲವಲ್ಲ.”

“ಐದು,” ಎಂದರು ದಫೇದಾರರು. ಆಮೇಲೆ ಹೇಳಬಾರದಿತ್ತೇನೋ ಎಂಬಂತೆ ಕೆಮ್ಮಿದರು.

ಮಗಳು ಮುಂದೆ ಬಂದಳು. ಬೋರ್ಡಿನಲ್ಲಿ ಅವಳ ಹೆಸರಿರಲಿಲ್ಲ. ನಾನು ಆಕಾಶ ನೋಡಿದೆ. “ಬೇಡ ಅಂದ್ರೆ ಬೇಡ ಅಂತಾರೆ,” ಎಂದಳು. “ಅದರಿಂದ ಯಾರ ಬೆರಳೂ ಹೋಗಲ್ಲ. ಮೇಲೆ ಬನ್ನಿ.”

ಡ್ರಾಯರಿನ ಬೀಗ ಹಾಕಿದವರೇ ತೆಗೆದರು. ಪತ್ರ ಹೊರಗೆ ಬಂತು. ದಫೇದಾರರು ಗಟ್ಟಿಯಾಗಿ ಓದಿದರು: “ತಾವು ತರಬೇತಿ ಕೊಟ್ಟರೂ ಸಂತೋಷ, ಕೊಡದಿದ್ದರೂ ಬೇಸರವಿಲ್ಲ. ನಾನು ಬಂದರೂ ಬರಬಹುದು. ತಮಗೆ ತೊಂದರೆಯಾಗುವುದಾದರೆ ಈ ಪತ್ರ ಬಂದಿಲ್ಲವೆಂದೇ ತಿಳಿಯತಕ್ಕದ್ದು.”

“ಇದು ಅರ್ಜಿಯೇನ್ರೀ?” ಎಂದರು. “ಕಳ್ಳರು ಕೂಡ ಇದಕ್ಕಿಂತ ನೇರವಾಗಿ ಹೇಳಿಕೆ ಕೊಡ್ತಾರೆ.”

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ,” ಎಂದ ಅಣ್ಣ. “ಬಸ್ ಹತ್ತಿದವನು ‘ಎಲ್ಲಿಗಾದ್ರೂ ಆಯ್ತು, ಇಲ್ಲದಿದ್ರೂ ಆಯ್ತು’ ಅಂದ್ರೆ ಟಿಕೆಟ್ ಎಲ್ಲಿಗೆ ಹರೀಲಪ್ಪ? ಎಲ್ಲಿಗೆ ಹೋಗಬೇಕು ಅಂತ ಬರಿ!”

ಜಗಲಿಯ ಮೇಲೆ ಹೊಸ ಹಾಳೆ ಬಂತು. ಬರೆಯುವ ಕೈ ಒಂದು, ಬರೆಸುವ ಬಾಯಿ ಬೀದಿಯಷ್ಟು. ಕಳೆದ ರಾತ್ರಿಯೆಲ್ಲ ಇವರನ್ನು ಕೊಲೆಗಾರ ಎಂದಿದ್ದ ಟೈಪಿಸ್ಟಮ್ಮ ಈಗ ಅವರ ಹೆಗಲ ಮೇಲೆ ಬಾಗಿ, “ಎಡಗಡೆ ಅಂಚು ಬಿಡಪ್ಪ. ಇನ್ನೂ. ಹಾಂ. ಕಚೇರಿಯವರು ಅಂಚು ನೋಡಿಯೇ ಮನುಷ್ಯನ ಅಳೆಯೋದು,” ಎನ್ನುತ್ತಿದ್ದರು. “ಬಹಳ ಆಸಕ್ತಿ” ಎಂಬ ಮಾತು ಬಂದಾಗ ಅಳಿಯಂದಿರ ಪೆನ್ನು ನಿಂತಿತು. ನನ್ನ ಕಡೆ ನೋಡಿದರು.

“ಬರೀರಿ, ಅಳಿಯಂದ್ರೇ,” ಎಂದೆ. “ಅದು ಸುಳ್ಳಲ್ಲ ಅಂತ ಈ ಸೊಂಟಕ್ಕೆ ಗೊತ್ತು.”

ಬರೆದರು. ಅಂಟಿಸಿದರು. ಅಂಚೆಪೆಟ್ಟಿಗೆ ಬೀದಿಯ ತಿರುವಿನಲ್ಲಿ. ಅಲ್ಲಿಯವರೆಗೂ ಎಲ್ಲರೂ ಹೋದೆವು, ದಫೇದಾರರು ಮುಂದೆ, ಅಣ್ಣ ಹಿಂದೆ “ನಡೀರಿ, ನಡೀರಿ” ಎನ್ನುತ್ತಾ. ಹೆಲ್ಮೆಟ್ ತೆಗೆಯಲು ನನಗೂ ಮರೆತಿತ್ತು, ಅವರಿಗೂ ಮರೆತಿತ್ತು.

ಪೆಟ್ಟಿಗೆಯ ಮುಂದೆ ನಿಂತು ಅವರು ಅದರ ಬಾಯಿಯನ್ನು ಬಗ್ಗಿ ನೋಡಿದರು, ಬೆರಳಿಂದ ತಡವಿದರು.

“ತುಕ್ಕು ಹಿಡಿದಿದೆ. ಅಂಚು ಚೂಪು. ಯಾರಾದ್ರೂ ಕೈ ಕುಯ್ಕೋತಾರೆ.”

“ರೀ!” ಎಂದಳು ಮಗಳು.

“ಹಾಕ್ತೀನಿ, ಹಾಕ್ತೀನಿ.” ಜೇಬಿನಿಂದ ದಪ್ಪನೆಯ ತೊಗಲಿನ ಕೈಗವಸು ತೆಗೆದು ಹಾಕಿಕೊಂಡರು. ಲಕೋಟೆಯನ್ನು ಪೆಟ್ಟಿಗೆಯ ಬಾಯಿಗಿಟ್ಟರು. ಕೈ ಅರ್ಧ ಒಳಗೆ ಹೋಯಿತು. ಅಲ್ಲೇ ನಿಂತಿತು. ಬೀದಿಗೆ ಬೀದಿಯೇ ಉಸಿರು ಹಿಡಿಯಿತು. ಎಷ್ಟು ಹೊತ್ತು ತಡೆದುಕೊಳ್ಳುತ್ತೇವೋ ಎಂದು ನನಗೆ ಕುತೂಹಲ.

ಟಪ್ ಎಂದಿತು.

ಕೈ ಹೊರಗೆಳೆದರು. ಕೈ ಬಂತು, ಗವಸು ಬರಲಿಲ್ಲ. ಪೆಟ್ಟಿಗೆಯ ತುಕ್ಕಿಗೆ ಸಿಕ್ಕಿಕೊಂಡು ಬಾಯಿಂದ ಹೊರಗೆ ನೇತಾಡುತ್ತಿತ್ತು. ಅವರು ತಮ್ಮ ಬರಿಗೈಯನ್ನು ಎತ್ತಿ, ಆಚೆ ಈಚೆ ತಿರುಗಿಸಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿಕೊಂಡರು.

“ಎಲ್ಲಾ ಇದೆಯಾ?” ಎಂದು ಕೇಳಿದೆ.

“ಇದೆ ಅತ್ತೆ,” ಎಂದರು, ತಮಗೇ ನಂಬಿಕೆಯಾಗದವರ ಹಾಗೆ. ಪತ್ರ ಹೋಗಿತ್ತು.